ನೆರೆ ರಾಜ್ಯಕ್ಕೆ ನೀರು ಯಾಕೆ?

ಪುಟ್ಟಾ,

ದಸರಾ ರಜೆಗೆ ನೀನು ಮೈಸೂರಿಗೆ ಬಂದಿದ್ದಾಗಿನ ಒಂದು ಬೆಳಗ್ಗೆ ಇನ್ನೂ ನನ್ನ ಕಣ್ಣಮುಂದಿದೆ. ನನ್ನ ಕನ್ನಡಕ ರಿಪೇರಿಗೆ ಹೋಗಿತ್ತು. ನೀನು ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ನನಗೆ ಪೇಪರ್ ಓದಿ ಹೇಳುತ್ತಿದ್ದೆ. ನೆರೆ ರಾಜ್ಯಕ್ಕೆ ಕಾವೇರಿ ನೀರು ಬಿಡುವ ಸುದ್ದಿ. ಎಲ್ಲೂ ತಡವರಿಸಲಿಲ್ಲ, ಒಂದು ಒತ್ತಕ್ಷರವನ್ನೂ ನುಂಗಲಿಲ್ಲ. ಓದಿ ಮುಗಿಸಿ, ಪೇಪರ್ ಮಡಚಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದೆ: "ದೊಡ್ಡಮ್ಮಾ, ಅಲ್ಲಿ ಆಗ್ಲೇ ನೆರೆ ಬಂದಿದೆ ಅಂದ್ಮೇಲೆ ಮತ್ತೆ ನೀರು ಯಾಕೆ ಬಿಡ್ತಾರೆ?"

ನಿಮ್ಮ ತೀರ್ಥಹಳ್ಳಿಯಲ್ಲಿ ನೆರೆ ಎಂದರೆ ಒಂದೇ. ಮಳೆಗಾಲದಲ್ಲಿ ತುಂಗೆ ಉಕ್ಕಿ ರಾಮಮಂಟಪ ಮುಳುಗುತ್ತದಲ್ಲ, ಅದು. ಪಕ್ಕದ ರಾಜ್ಯವನ್ನೂ ನೆರೆ ರಾಜ್ಯ ಎನ್ನುತ್ತಾರೆ ಎಂದು ನಾನು ಹೇಳಿದಾಗ ನಿನ್ನ ಮುಖ ಸಣ್ಣದಾಯಿತು. ತಪ್ಪು ಮಾಡಿದೆ ಅಂತ ನೀನು ಅಂದುಕೊಂಡೆ. ಅಂದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಆ ಇಡೀ ಬೆಳಗ್ಗೆ ನೀನು ನಿಜವಾಗಿ ಓದಿದ್ದು ಆ ಪ್ರಶ್ನೆ ಕೇಳಿದ ಕ್ಷಣದಲ್ಲಿ. ಅದಕ್ಕೆ ಮೊದಲು ಮಾಡಿದ್ದು ಉಚ್ಚಾರಣೆ ಮಾತ್ರ.

ನಿಮ್ಮಮ್ಮ ಮೊನ್ನೆ ಫೋನಿನಲ್ಲಿ ಬೇಸರಪಟ್ಟುಕೊಂಡಳು. "ಅಕ್ಕ, ಮೇಷ್ಟ್ರು ಹೇಳ್ತಾರೆ, ಓದೋದು ಚೆನ್ನಾಗಿ ಓದ್ತಾನೆ, ಏನರ್ಥ ಆಯ್ತು ಅಂದ್ರೆ ಸುಮ್ನೆ ನಿಂತ್ಕೋತಾನೆ ಅಂತ." ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಈ ಮಾತನ್ನು ಎಷ್ಟು ಮಕ್ಕಳ ಬಗ್ಗೆ ನಾನೇ ಹೇಳಿದ್ದೇನೋ. ಇದರಲ್ಲಿ ನಿನ್ನ ದಡ್ಡತನ ಏನೂ ಇಲ್ಲ. ನಮ್ಮ ಲಿಪಿಯ ಗುಣವೇ ಹಾಗಿದೆ. ಕಾಗುಣಿತವೂ ಒತ್ತಕ್ಷರವೂ ಒಮ್ಮೆ ಕೂಡಿಬಂದರೆ ಸಾಕು, ಮಗು ಯಾವ ಪದವನ್ನು ಬೇಕಾದರೂ ಬಾಯಿಬಿಟ್ಟು ಹೇಳಬಲ್ಲದು. ದ್ಯುತಿಸಂಶ್ಲೇಷಣೆ ಎಂದರೆ ಏನೆಂದು ಗೊತ್ತಿಲ್ಲದ ಮೂರನೇ ಕ್ಲಾಸಿನ ಹುಡುಗಿಯೂ ಅದನ್ನು ತಪ್ಪಿಲ್ಲದೆ ಓದುತ್ತಾಳೆ. ಇಂಗ್ಲಿಷಿನಲ್ಲಿ ಗೊತ್ತಿಲ್ಲದ ಪದ ಬಂದರೆ ನಾಲಿಗೆಯೇ ತೊಡರಿ ನಿಲ್ಲುತ್ತದೆ, ಹೇಗೆ ಉಚ್ಚರಿಸುವುದೋ ತಿಳಿಯುವುದಿಲ್ಲ. ಅಲ್ಲೊಂದು ಎಚ್ಚರಿಕೆ ಸಿಗುತ್ತದೆ. ಕನ್ನಡದಲ್ಲಿ ನಾಲಿಗೆ ಸಲೀಸಾಗಿ ಓಡುವುದರಿಂದ ಅರ್ಥ ಹಿಂದೆ ಉಳಿದದ್ದು ಓದುವವನಿಗೂ ಗೊತ್ತಾಗುವುದಿಲ್ಲ, ಕೇಳುವವರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ನಾನು ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಓದುವಾಗ ಎಲ್ಲಿ ಏನೋ ಹೊಂದುತ್ತಿಲ್ಲ ಅನ್ನಿಸುತ್ತದೋ ಅಲ್ಲಿ ನಿಲ್ಲು. ನೆರೆ ಬಂದ ಕಡೆಗೆ ನೀರು ಬಿಡುವುದು ಹೊಂದಲಿಲ್ಲ, ನೀನು ನಿಂತೆ. ಹಾಗೆ ನಿಲ್ಲುವ ಅಭ್ಯಾಸವನ್ನು ಬಿಡಬೇಡ.

ಹೇಗೆ ನಿಲ್ಲುವುದು, ನಿಂತು ಏನು ಮಾಡುವುದು ಎಂಬುದಕ್ಕೆ ನನಗೆ ಗೊತ್ತಿರುವ ಕೆಲವು ದಾರಿಗಳಿವೆ.

ಮೊದಲು ಆ ನೆರೆಯನ್ನೇ ಮುಗಿಸೋಣ. ನದಿ ಉಕ್ಕಿದರೆ ನೆರೆ. ಪಕ್ಕದ ಮನೆಯವರು ನೆರೆಯವರು. ಜಾತ್ರೆಗೆ ಜನ ನೆರೆಯುತ್ತಾರೆ. ನನ್ನ ತಲೆಗೂದಲು ನೆರೆತಿದೆ. ನಾಲ್ಕು ಕಡೆ ನಾಲ್ಕು ಅರ್ಥ. ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು ಆ ಪದದ ಅಕ್ಕಪಕ್ಕದ ಪದಗಳು. ಇದು ನಿನಗೆ ಹೊಸದೇನಲ್ಲ. ನಿಮ್ಮ ತೋಟದಲ್ಲಿ ಕೊನೆ ಎಂದರೆ ಅಡಿಕೆಯ ಗೊಂಚಲು, ಅದನ್ನು ಕೊಯ್ಯುವವನು ಕೊನೆಗಾರ. ಶಾಲೆಯಲ್ಲಿ ಪಾಠದ ಕೊನೆ ಎಂದರೆ ಪಾಠ ಮುಗಿಯುವ ಜಾಗ. ಅಡಿಕೆ ಮರದಿಂದ ಬೀಳುವುದೂ ಹಾಳೆ, ನೋಟ್‌ಬುಕ್ಕಿನಿಂದ ಹರಿಯುವುದೂ ಹಾಳೆ. ಯಾವತ್ತಾದರೂ ನಿನಗೆ ಇದರಲ್ಲಿ ಗೊಂದಲವಾಗಿದೆಯೇ? ತೋಟದಲ್ಲಿ ನಿಂತವನಿಗೆ ಸುತ್ತಲಿನ ತೋಟವೇ ಅರ್ಥ ಹೇಳುತ್ತದೆ. ಪುಟದ ಮೇಲೆ ಆ ಕೆಲಸವನ್ನು ವಾಕ್ಯ ಮಾಡುತ್ತದೆ.

ಇದನ್ನು ನಾನು ತಡವಾಗಿ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಪಾಠ ಶುರುವಾಗುವ ಮುಂಚೆ ಬೋರ್ಡಿನ ತುಂಬ ಪದಗಳ ಅರ್ಥ ಬರೆಯುತ್ತಿದ್ದೆ. ಎಡಗಡೆ ಪದ, ನಡುವೆ ಸಮಚಿಹ್ನೆ, ಬಲಗಡೆ ಅರ್ಥ. ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಒಂದು ಸಲ ಅಡವಿ ಎಂದರೆ ಕಾಡು ಎಂದು ಬರೆಸಿದ್ದೆ. ಮರುದಿನ ಸ್ವಂತ ವಾಕ್ಯದಲ್ಲಿ ಬಳಸಿ ಎಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ತಾಯಿಯನ್ನು ಕಳೆದುಕೊಂಡ ಮಗು, ಎದ್ದು ನಿಂತು ಓದಿದಳು: "ನನಗೆ ಅಮ್ಮನ ನೆನಪು ಅಡವಿಯುತ್ತದೆ." ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಆ ವರ್ಷವೆಲ್ಲ ಅವಳು ನನ್ನ ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ. ಯೋಚಿಸಿ ನೋಡು, ಅವಳ ತಪ್ಪೇನು? ಅಡವಿ ಎಂದರೆ ಕಾಡು ಎಂದು ನಾನು ಹೇಳಿದ್ದೆ. ನೆನಪು ಕಾಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಎರಡನ್ನೂ ಸೇರಿಸಿದಳು. ವಾಕ್ಯದಿಂದ ಕಿತ್ತು ತಂದು ಪದಕ್ಕೆ ಪದ ಅಂಟಿಸಿದವಳು ನಾನು. ಅವಳಿಗೆ ಇದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಅಂದಿನಿಂದ ಬೋರ್ಡಿನ ಮೇಲೆ ಬರೀ ಪದ ಬರೆಯುವುದನ್ನು ಬಿಟ್ಟೆ. ನೀನೂ ಹಾಗೆಯೇ ಮಾಡು. ಹೊಸ ಪದಕ್ಕೊಂದು ನೋಟ್‌ಬುಕ್ ಇಟ್ಟುಕೊಂಡರೆ ಪದದ ಜೊತೆಗೆ ಅದು ಸಿಕ್ಕ ಇಡೀ ವಾಕ್ಯವನ್ನು ಬರೆ. ಎಲ್ಲಿ ಸಿಕ್ಕಿತು, ಯಾರ ಬಾಯಲ್ಲಿ ಕೇಳಿದೆ ಎಂಬುದನ್ನೂ ಬರೆ. ದಿನಕ್ಕೆ ಎರಡು ಪದ ಸಾಕು. ಇಪ್ಪತ್ತು ಬರೆದು ಇಪ್ಪತ್ತನ್ನೂ ಮರೆಯುವ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ.

ಪದಕ್ಕಿಂತ ಹೆಚ್ಚು ಮಕ್ಕಳು ಎಡವುವುದು ವಾಕ್ಯದಲ್ಲಿ. ಕನ್ನಡದ ವಾಕ್ಯ ತನ್ನ ಕ್ರಿಯಾಪದವನ್ನು ಕೊನೆಯವರೆಗೂ ಕೈಯಲ್ಲಿ ಮುಚ್ಚಿಟ್ಟುಕೊಂಡಿರುತ್ತದೆ. ಅಲ್ಲಿಗೆ ಹೋಗುವಷ್ಟರಲ್ಲಿ ಮೊದಲು ಏನಿತ್ತು ಎಂಬುದು ಮರೆತುಹೋಗಿರುತ್ತದೆ. ಈ ವಾಕ್ಯ ನೋಡು: ಮಳೆ ಸಕಾಲಕ್ಕೆ ಬಾರದಿದ್ದರೂ ಕೆರೆಯಲ್ಲಿ ಹಿಂದಿನ ವರ್ಷದ ನೀರು ಉಳಿದಿದ್ದುದರಿಂದ ಊರಿನವರು ಆ ವರ್ಷ ಭತ್ತ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಆ ವರ್ಷ ಊರಿನವರು ಭತ್ತ ಬೆಳೆದರೋ ಇಲ್ಲವೋ ಎಂದು ಕೇಳಿದರೆ ಅರ್ಧ ತರಗತಿ ಇಲ್ಲ ಎನ್ನುತ್ತದೆ. ಮಳೆ ಬರಲಿಲ್ಲ ಎಂಬುದು ತಲೆಯಲ್ಲಿ ಕೂತಿರುತ್ತದೆ, ಕೊನೆಯಲ್ಲಿ ಮತ್ತೊಂದು ಇಲ್ಲ ಕಾಣುತ್ತದೆ, ಅಲ್ಲಿಗೆ ತೀರ್ಮಾನವಾಯಿತು. ಉದ್ದ ವಾಕ್ಯ ಸಿಕ್ಕಾಗ ಒಮ್ಮೆ ಓದಿ, ನೇರವಾಗಿ ಕೊನೆಯ ಪದಕ್ಕೆ ಹೋಗು. ನಿಲ್ಲಿಸಲಿಲ್ಲ. ಅದನ್ನೇ ಪ್ರಶ್ನಿಸು. ಯಾರು ನಿಲ್ಲಿಸಲಿಲ್ಲ? ಊರಿನವರು. ಏನನ್ನು? ಭತ್ತ ಬೆಳೆಯುವುದನ್ನು. ಹಾಗಾದರೆ ಬೆಳೆದರು. ಹೇಗೆ ಬೆಳೆಯಲು ಸಾಧ್ಯವಾಯಿತು? ಕೆರೆಯಲ್ಲಿ ನೀರಿತ್ತು. ಆ 'ದ್ದರೂ' ಏನು ಮಾಡುತ್ತಿದೆ? ಮಳೆ ಕೈಕೊಟ್ಟರೂ ಕೆಲಸ ನಿಲ್ಲಲಿಲ್ಲ ಎಂದು ಹೇಳುತ್ತಿದೆ. ಹೀಗೆ ಹಿಂದಿನಿಂದ ಮುಂದಕ್ಕೆ ಬಿಡಿಸುತ್ತಾ ಬಂದರೆ ಎಷ್ಟೇ ಉದ್ದದ ವಾಕ್ಯವೂ ಸಡಿಲವಾಗುತ್ತದೆ. ಒಂದು ತಿಂಗಳು ಹೀಗೆ ಮಾಡಿದರೆ ಆಮೇಲೆ ಕಣ್ಣು ತಾನಾಗಿ ಮಾಡಿಕೊಳ್ಳುತ್ತದೆ.

ವಿಭಕ್ತಿ ಪ್ರತ್ಯಯಗಳನ್ನು ಉ, ಅನ್ನು, ಇಂದ, ಗೆ ಎಂದು ಹಾಡಿನಂತೆ ಬಾಯಿಪಾಠ ಮಾಡಿದ್ದೀಯಲ್ಲ? ಅವು ಯಾಕೆ ಬೇಕು ಎಂದು ಯಾರಾದರೂ ಹೇಳಿದ್ದಾರೋ ಇಲ್ಲವೋ ಕಾಣೆ. ಈ ಸಾಲು ನೋಡು: ಹುಲಿ ಕೊಂದ ಬೇಟೆಗಾರನ ಮನೆಯ ಮುಂದೆ ಜನ ಹಾರ ಹಿಡಿದು ನಿಂತಿದ್ದರು. ಸತ್ತವರು ಯಾರು? ಹುಲಿಯನ್ನು ಕೊಂದ ಬೇಟೆಗಾರನಾದರೆ ಜನ ಬಂದದ್ದು ಸನ್ಮಾನಕ್ಕೆ. ಹುಲಿಯು ಕೊಂದ ಬೇಟೆಗಾರನಾದರೆ ಒಳಗೆ ಹೆಣ ಮಲಗಿದೆ. ಮಾತಿನಲ್ಲಿ ನಾವು 'ಅನ್ನು'ವನ್ನೂ 'ಉ'ವನ್ನೂ ಬಿಟ್ಟುಬಿಡುತ್ತೇವೆ, ಬರಹದಲ್ಲೂ ಎಷ್ಟೋ ಸಲ ಬಿಡುತ್ತೇವೆ. ಆಗ ಮುಂದಿನ ವಾಕ್ಯ ಬರುವವರೆಗೆ ಎರಡೂ ಅರ್ಥಗಳನ್ನು ಒಟ್ಟಿಗೆ ಹಿಡಿದುಕೊಂಡು ಕಾಯಬೇಕು. ಒಳಗಿನಿಂದ ಹೆಂಗಸರ ಅಳು ಕೇಳಿಸುತ್ತಿತ್ತು ಎಂದು ಮುಂದಿನ ಸಾಲಿನಲ್ಲಿ ಇದ್ದರೆ ತಿಳಿಯಿತು. ಆತುರದವರು ಮೊದಲ ಸಾಲಿನಲ್ಲೇ ಒಂದನ್ನು ಆರಿಸಿಕೊಂಡುಬಿಡುತ್ತಾರೆ. ಆಮೇಲೆ ಇಡೀ ಪಾಠ ವಾಲಿಕೊಂಡೇ ಹೋಗುತ್ತದೆ.

ಸಂಧಿಯೂ ಹೀಗೇ. ಅವನಲ್ಲಿಲ್ಲ ಎಂಬ ಪದ ಇದೆ ಅನ್ನು. ಅವನಲ್ಲಿ ಇಲ್ಲ ಎಂದು ಬಿಡಿಸಿದರೆ ಹಣವೋ ಗುಣವೋ ಅವನ ಹತ್ತಿರ ಇಲ್ಲ ಎಂದಾಯಿತು. ಅವನು ಅಲ್ಲಿ ಇಲ್ಲ ಎಂದು ಬಿಡಿಸಿದರೆ ಮನುಷ್ಯನೇ ಅಲ್ಲಿಲ್ಲ. ಪರೀಕ್ಷೆಯಲ್ಲಿ ಸಂಧಿ ಬಿಡಿಸಿ ಎಂಬ ಒಂದು ಅಂಕದ ಪ್ರಶ್ನೆ ಬರುತ್ತದಲ್ಲ, ಅದರ ಕೆಲಸ ಇರುವುದು ಇಲ್ಲಿ, ಓದುವ ಹೊತ್ತಿನಲ್ಲಿ.

ಇನ್ನು ಪದದ ಬಾಲಕ್ಕೆ ಅಂಟಿಕೊಳ್ಳುವ ಸ್ವರಗಳು, ಪುಟ್ಟ ಪದಗಳು. ಅವನು ಬಂದ, ಅವನೂ ಬಂದ, ಅವನೇ ಬಂದ, ಅವನಾದರೂ ಬಂದ. ಎರಡನೆಯದರಲ್ಲಿ ಬೇರೆಯವರೂ ಬಂದಿದ್ದಾರೆ. ಮೂರನೆಯದರಲ್ಲಿ ಯಾರನ್ನೋ ಕಳಿಸದೆ ಖುದ್ದಾಗಿ ಬಂದಿದ್ದಾನೆ. ನಾಲ್ಕನೆಯದರಲ್ಲಿ ಬರಬೇಕಾದ ಇನ್ಯಾರೋ ಬಂದಿಲ್ಲ, ಹೇಳುವವರಿಗೆ ಅದರಿಂದ ನೋವಾಗಿದೆ. ಒಂದು ಕತೆಯ ಒಳಗುಟ್ಟೆಲ್ಲ ಒಂದು ದೀರ್ಘ ಸ್ವರದಲ್ಲಿ ಕೂತಿರಬಹುದು. ಜೋರಾಗಿ ಓದುವಾಗ ಇಂಥ ಸ್ವರಗಳ ಮೇಲೆ ಸ್ವಲ್ಪ ಒತ್ತು ಕೊಟ್ಟು ನೋಡು, ಅರ್ಥ ಕಿವಿಗೇ ಕೇಳುತ್ತದೆ.

ಲೆಕ್ಕದ ಮೇಷ್ಟ್ರೂ ನಿನ್ನ ಬಗ್ಗೆ ದೂರಿದ್ದಾರಂತೆ. ಅದೂ ಭಾಷೆಯ ಸಂಗತಿಯೇ ಇರಬೇಕು ಎಂದು ನನ್ನ ಗುಮಾನಿ. ಇಬ್ಬರು ಆಳುಗಳಿಗೆ ದಿನಕ್ಕೆ ತಲಾ 450 ರೂಪಾಯಿಯಂತೆ ಮೂರು ದಿನದ ಕೂಲಿ ಎಷ್ಟು ಎಂಬ ಲೆಕ್ಕದಲ್ಲಿ ತಲಾ ಎಂಬುದನ್ನು ಹಾರಿಸಿದವನು 1350 ಎಂದು ಬರೆಯುತ್ತಾನೆ. ತಲಾ ಅಂದರೆ ತಲೆಗೆ ಇಷ್ಟು ಎಂದು ಗೊತ್ತಿದ್ದವನು 2700 ಬರೆಯುತ್ತಾನೆ. ಇಬ್ಬರಿಗೂ ಗುಣಾಕಾರ ಚೆನ್ನಾಗಿಯೇ ಬರುತ್ತದೆ.

ಈಗ ಗೊತ್ತಿಲ್ಲದ ಪದದ ಮುಂದೆ ನಿಂತಾಗ ಏನು ಮಾಡಬೇಕು. ತಕ್ಷಣ ನಿಘಂಟಿಗೆ ಓಡಬೇಡ, ಮೊಬೈಲಿಗೂ ಓಡಬೇಡ. ಮೊದಲು ವಾಕ್ಯವನ್ನು ಕೇಳು, ಒಂದು ಊಹೆ ಮಾಡು. ಆಮೇಲೆ ಆ ಪದವನ್ನು ಸ್ವಲ್ಪ ಬಿಡಿಸಿ ನೋಡು, ಒಳಗೆ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು. ಅವತ್ತು ಪೇಪರಿನಲ್ಲಿ ಸಂತ್ರಸ್ತರು ಎಂದಿತ್ತು. ನಿಮ್ಮ ಹುಬ್ಬಳ್ಳಿಯ ಅತ್ತೆ ಮಂಡಿನೋವು ಬಂದಾಗ "ಭಾಳ ತ್ರಾಸ ಆಗೇತಿ" ಅನ್ನುತ್ತಾರಲ್ಲ, ಆ ತ್ರಾಸ ಇದರೊಳಗಿದೆ. ತ್ರಾಸಕ್ಕೆ ಸಿಕ್ಕವರು ಸಂತ್ರಸ್ತರು.

ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ಕಷ್ಟ ಎಂದು ಹೆದರುವ ಪದಗಳಲ್ಲೇ ಈ ಆಟ ಹೆಚ್ಚು ಸೊಗಸು. ಮೊದಲು ಹೇಳಿದ ದ್ಯುತಿಸಂಶ್ಲೇಷಣೆಯನ್ನೇ ತೆಗೆದುಕೋ. ದ್ಯುತಿ ಎಂದರೆ ಬೆಳಕು. ಸಂಶ್ಲೇಷಣೆಯಲ್ಲಿ ಶ್ಲೇಷ ಇದೆ. ಶ್ಲೇಷ ಅಂದರೆ ಅಂಟಿಕೊಂಡಿರುವುದು, ಕೂಡಿಕೊಂಡಿರುವುದು. ಮುಂದೆ ಕನ್ನಡದ ತರಗತಿಯಲ್ಲಿ ಶ್ಲೇಷಾಲಂಕಾರ ಕಲಿಯುತ್ತೀಯ, ಒಂದೇ ಪದಕ್ಕೆ ಎರಡು ಅರ್ಥ ಅಂಟಿಕೊಂಡಿರುವ ಅಲಂಕಾರ. ಅದೇ ಶ್ಲೇಷ ಇದು. ಗಿಡ ಬೆಳಕಿನ ಬಲದಿಂದ ನೀರನ್ನೂ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಆಹಾರ ಮಾಡಿಕೊಳ್ಳುವುದಕ್ಕೆ ಹೆಸರು ದ್ಯುತಿಸಂಶ್ಲೇಷಣೆ. ಕೂಡಿದ್ದನ್ನು ಬಿಡಿಸಿ ನೋಡುವುದು ವಿಶ್ಲೇಷಣೆ. ಒಂದು ಗೊತ್ತಾದರೆ ಮೂರು ಕೈಗೆ ಬಂದವು. ಬಾಷ್ಪೀಭವನ ಎಂದರೆ ನೀರು ಆವಿಯಾಗುವುದು. ಬಾಷ್ಪ ಎಂಬುದಕ್ಕೆ ಆವಿ ಎಂದೂ ಕಣ್ಣೀರು ಎಂದೂ ಅರ್ಥವಿದೆ. ನಿನ್ನ ಅಕ್ಕನ ಮದುವೆಯ ದಿನ ನಿಮ್ಮಪ್ಪನ ಕಣ್ಣಲ್ಲಿ ಬಂತಲ್ಲ ಆನಂದಬಾಷ್ಪ, ಅಲ್ಲಿ ಇರುವುದು ಈ ಬಾಷ್ಪವೇ. ರೇಖಾಗಣಿತದ ಸಮದ್ವಿಬಾಹು ತ್ರಿಭುಜಕ್ಕೂ ಹೀಗೇ ಬಾಗಿಲಿದೆ. ಬಾಹು ಎಂದರೆ ತೋಳು. ತೋಳಿನಲ್ಲಿ ಬಲ ಉಳ್ಳವನು ಬಾಹುಬಲಿ. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಾವೆಲ್ಲ ಒಟ್ಟಿಗೆ ನಿಂತು ನೋಡಿದ್ದೇವೆ. ಎರಡು ತೋಳು ಸಮನಾಗಿರುವ ತ್ರಿಭುಜ ಸಮದ್ವಿಬಾಹು ಎಂದು ತಿಳಿದ ಮೇಲೆ ಅದನ್ನು ಬಾಯಿಪಾಠ ಮಾಡುವುದಕ್ಕೇನು ಉಳಿಯಿತು?

ಪದ ಬಿಡಿಸುವಾಗ ದೀರ್ಘವನ್ನೂ ಗಮನಿಸು. ನಮ್ಮ ಬೀದಿಯ ಹೋಟೆಲಿನ ಬೋರ್ಡಿನ ಮೇಲೆ ಉಪಹಾರ ಎಂದು ಬರೆದಿದೆ. ಆಹಾರಕ್ಕೆ ಉಪ ಸೇರಿದರೆ ಉಪಾಹಾರ ಆಗುತ್ತದೆ, ತಿಂಡಿ. ಉಪಹಾರ ಎಂದರೆ ಕಾಣಿಕೆ. ಅವರು ಕಾಣಿಕೆ ಕೊಡುತ್ತಿಲ್ಲ, ದೋಸೆ ಮಾರುತ್ತಿದ್ದಾರೆ. ಒಂದು ದೀರ್ಘಕ್ಕೆ ಇಷ್ಟು ಬೆಲೆಯಿದೆ ಎಂದು ನೆನಪಿಡುವುದಕ್ಕೆ ಹೇಳಿದೆ.

ಇನ್ನು ನಿಘಂಟು. ಅದನ್ನು ನೋಡುವುದೂ ಕಲಿಯಬೇಕಾದ ಕೆಲಸ. ಕಥೆಯಲ್ಲಿ ಎದ್ದು ಎಂದಿದ್ದರೆ ನಿಘಂಟಿನಲ್ಲಿ ಏಳು ನೋಡಬೇಕು. ಕಿತ್ತು ಎಂದಿದ್ದರೆ ಕೀಳು. ಕೊಂದ ಎಂದಿದ್ದರೆ ಕೊಲ್ಲು, ಕಂಡ ಎಂದಿದ್ದರೆ ಕಾಣು, ಅತ್ತು ಎಂದಿದ್ದರೆ ಅಳು. ಹೋಗಿದ್ದರೆಂಬುದನ್ನು ಎಂಬ ಪದ ಯಾವ ನಿಘಂಟಿನಲ್ಲೂ ಇಲ್ಲ. ಸಿಪ್ಪೆ ಬಿಡಿಸುತ್ತಾ ಹೋದರೆ ಒಳಗೆ ಹೋಗು ಎಂಬ ಪುಟ್ಟ ಬೀಜ ಸಿಗುತ್ತದೆ. ಮಕ್ಕಳು ನಿಘಂಟಿನಲ್ಲಿ ಸಿಗಲಿಲ್ಲ ಎಂದು ಮುಚ್ಚಿಡುವುದು ಹೆಚ್ಚಾಗಿ ಈ ಬೀಜ ಬಿಡಿಸದ ಕಾರಣಕ್ಕೆ.

ನಿಘಂಟು ಮಾಡಿದವರ ಶ್ರಮವನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ಜರ್ಮನಿಯಿಂದ ಪಾದ್ರಿಯಾಗಿ ಬಂದ ಫರ್ಡಿನಾಂಡ್ ಕಿಟೆಲ್ ಸುಮಾರು 70,000 ಪದಗಳ ಕನ್ನಡ ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಬೇರೆ ದೇಶದವರೊಬ್ಬರು ನಮ್ಮ ಪದಗಳ ಮುಂದೆ ಅಷ್ಟು ವರ್ಷ ತಾಳ್ಮೆಯಿಂದ ನಿಂತರು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಅದರ ಹಿಂದೆ ದುಡಿದ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣ ಬರೆಯುತ್ತಿದ್ದರು. ಓದುಗರು ಪದಗಳ ಬಗ್ಗೆ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ಪೇಪರ್ ಬಂದ ಕೂಡಲೇ ನಾನು ಮೊದಲು ತೆಗೆಯುತ್ತಿದ್ದ ಜಾಗ ಅದು. ನೂರು ದಾಟಿದ ಮೇಲೂ ಪದಗಳ ಬಗ್ಗೆ ಮಾತಾಡುತ್ತಿದ್ದ ಅವರು 2021ರಲ್ಲಿ ತೀರಿಕೊಂಡರು. ಅಂತರ್ಜಾಲದಲ್ಲಿ ಈಗ 'ಅಲರ್' ಎಂಬ ಕನ್ನಡ ಇಂಗ್ಲಿಷ್ ನಿಘಂಟಿದೆ, ವಿ. ಕೃಷ್ಣ ಎಂಬವರು ಹತ್ತಾರು ವರ್ಷ ಒಬ್ಬರೇ ಕೂತು ಸೇರಿಸಿದ ಒಂದೂವರೆ ಲಕ್ಷ ಪದಗಳು. ಮೊಬೈಲ್ ಹಿಡಿಯುವುದೇ ಆದರೆ ಅದನ್ನು ತೆರೆ. ಊಹೆ ಮಾಡಿದ ಮೇಲೆ ತೆರೆ, ಅಷ್ಟೇ. ನಿನ್ನ ಊಹೆ ಸರಿಯಾಗಿದ್ದರೆ ಆಗುವ ಸಂತೋಷ ಇದೆಯಲ್ಲ, ಅದರಿಂದ ಪದ ಮನಸ್ಸಿನಲ್ಲಿ ಕೂರುತ್ತದೆ.

ಹಳಗನ್ನಡದ ಪದ್ಯಕ್ಕೆ ಹೆದರುತ್ತೀ ಎಂದು ಗೊತ್ತು. ಒಂದು ಬೀಗದ ಕೈ ಕೊಡುತ್ತೇನೆ. ಪದದ ಮೊದಲಲ್ಲಿ ಪಕಾರ ಕಂಡರೆ ಅಲ್ಲಿ ಹಕಾರ ಇಟ್ಟು ಓದಿ ನೋಡು. ಪಾಲ್ ಹಾಲಾಗುತ್ತದೆ, ಪಣ್ ಹಣ್ಣಾಗುತ್ತದೆ, ಪುಲಿ ಹುಲಿ, ಪೆಸರ್ ಹೆಸರು, ಪಗೆ ಹಗೆ, ಪೊನ್ ಹೊನ್ನು. ಎಲ್ಲ ಕಡೆ ನಡೆಯುವುದಿಲ್ಲ, ಪಾಲು ಕೇಳುವ ಪಾಲು ಇವತ್ತಿಗೂ ಪಾಲೇ. ಆದರೂ ನೂರಾರು ಪದಗಳು ಈ ಒಂದು ಕೈಗೆ ತೆರೆದುಕೊಳ್ಳುತ್ತವೆ. ತತ್ಸಮ ತದ್ಭವವೂ ಇಂಥದೇ ಕೀಲಿ. ನಿಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ನೀನು ಮೂರನೇ ಕ್ಲಾಸಿನಲ್ಲೇ ಬಾಯಿಪಾಠ ಹೇಳುತ್ತಿದ್ದೆ. ಆ ಬೊಮ್ಮ ಬ್ರಹ್ಮನ ತದ್ಭವ ಎಂದು ಆಗ ಯಾರೂ ಹೇಳಿರಲಿಲ್ಲ, ಅಲ್ಲವೇ?

ಇಷ್ಟೆಲ್ಲ ಆದಮೇಲೂ ಒಂದು ಉಳಿಯುತ್ತದೆ. ಕೆಲವು ಅರ್ಥ ಯಾವ ಪದದಲ್ಲೂ ಇರುವುದಿಲ್ಲ. ಈ ಮೂರು ವಾಕ್ಯ ಓದು: ಅಪ್ಪ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿದ. ಅದರ ತುದಿಯಿಂದ ನೀರಿನ ಒಂದು ಗೆರೆ ಹರಿದು ಬಂತು. ಅಮ್ಮ ಪೇಟೆಯ ಸುದ್ದಿ ಏನನ್ನೂ ಕೇಳದೆ ಕಾಫಿ ತಂದಿಟ್ಟಳು. ಮಳೆ ಎಂಬ ಪದ ಇಲ್ಲಿ ಎಲ್ಲಿದೆ? ಇಲ್ಲ. ಆದರೂ ಹೊರಗೆ ಮಳೆ ಬರುತ್ತಿದೆ ಎಂದು ನಿನಗೆ ಗೊತ್ತಾಯಿತು. ಅಮ್ಮ ಯಾಕೆ ಏನೂ ಕೇಳಲಿಲ್ಲ? ಅಪ್ಪನ ಮುಖ ನೋಡಿಯೇ ಅವಳಿಗೆ ತಿಳಿದಿರಬೇಕು. ಅಡಿಕೆ ಮಂಡಿಯಲ್ಲಿ ಧಾರಣೆ ಬಿದ್ದಿತ್ತೋ, ಸಾಲ ಕೊಡುವವರು ಇಲ್ಲ ಅಂದಿದ್ದರೋ. ಯಾವುದೆಂದು ಮುಂದಿನ ಸಾಲುಗಳಲ್ಲಿ ಹುಡುಕಬೇಕು. ನೀನು ಬೇರೆ ಏನೋ ಊಹಿಸಿರಬಹುದು. ಊಹಿಸು, ಆದರೆ ಯಾವ ಪದವನ್ನು ನೋಡಿ ಹಾಗೆ ಅನ್ನಿಸಿತು ಎಂದು ಬೆರಳಿಟ್ಟು ತೋರಿಸುವಂತಿರಬೇಕು. ಪರೀಕ್ಷೆಯಲ್ಲಿ ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ ಎನ್ನುತ್ತಾರಲ್ಲ, ಅಲ್ಲಿ ಕೇಳುತ್ತಿರುವುದು ಇದನ್ನೇ. ಅದಕ್ಕೂ ಗೈಡ್ ನೋಡಿ ಬರೆಯುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸ್ವಾರಸ್ಯ ಎಂದರೆ ರಸ. ಅದನ್ನು ಬೇರೆಯವರು ಕುಡಿದು ಹೇಳಿದರೆ ನಿನಗೇನು ಸಿಕ್ಕಿತು?

ಒಂದು ಅಭ್ಯಾಸ ಬೆಳೆಸಿಕೋ. ಸಂಜೆ ಒಂದು ಪುಟ ಓದು, ಪುಸ್ತಕ ಮುಚ್ಚು, ಅಡುಗೆಮನೆಗೆ ಹೋಗಿ ನಿಮ್ಮ ಅಜ್ಜಿಗೆ ಅದನ್ನು ನಿಮ್ಮ ಮನೆಮಾತಿನಲ್ಲಿ ಹೇಳು. ಪುಸ್ತಕದ ಪದಗಳನ್ನು ಬಳಸಬೇಡ. ಎಲ್ಲಿ ಮಾತು ನಿಂತುಹೋಗುತ್ತದೋ ಆ ಜಾಗ ನಿನಗೆ ಅರ್ಥವಾಗಿಲ್ಲ. ಅಜ್ಜಿ "ಹಂಗಂದ್ರೆ?" ಅಂದರೆ ಅಲ್ಲೂ ಅರ್ಥವಾಗಿಲ್ಲ. ಪುಸ್ತಕಕ್ಕೆ ವಾಪಸ್ಸು ಹೋಗಿ ಆ ಸಾಲನ್ನು ಮಾತ್ರ ನೋಡು. ಹತ್ತು ನಿಮಿಷದ ಕೆಲಸ ಇದು. ನಾನು ಕಲಿಸಿದ ಮಕ್ಕಳಲ್ಲಿ ಓದು ಹಿಡಿದವರು ಬಹಳ ಮಂದಿ ಹೀಗೆ ಮನೆಯಲ್ಲಿ ಯಾರಿಗೋ ಕತೆ ಹೇಳುತ್ತಿದ್ದವರು, ತಮ್ಮನಿಗೋ, ಬೀಡಿ ಕಟ್ಟುವ ಅಮ್ಮನಿಗೋ, ಓದು ಬರೆಹ ಬಾರದ ತಾತನಿಗೋ.

ಪಾಠದ ಪುಸ್ತಕ ಬಿಟ್ಟು ಬೇರೆಯದನ್ನೂ ಓದು. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗು, ಬಾಗಿಲಲ್ಲಿ ಅರಿವು ಕೇಂದ್ರ ಎಂದು ಬೋರ್ಡು ಇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಕೇಳು. ಆಮೇಲೆ 'ಕರ್ವಾಲೊ'. ಅದರಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಓತಿ ಎಂದರೆ ಏನೆಂದು ಪೇಟೆಯ ಮಕ್ಕಳಿಗೆ ಹೇಳಿಕೊಡಬೇಕು, ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತನನ್ನು ದಿನಾ ನೋಡುವ ನಿನಗೆ ಹೇಳಬೇಕಾಗಿಲ್ಲ. ಎಲ್ಲ ಪದ ಗೊತ್ತಿರುವ ಪುಸ್ತಕ ಹುಡುಕಬೇಡ, ಪ್ರತಿ ಸಾಲಿಗೂ ಎಡವುವ ಪುಸ್ತಕವೂ ಈಗಲೇ ಬೇಡ. ಪುಟಕ್ಕೆ ಮೂರ್ನಾಲ್ಕು ಅಪರಿಚಿತ ಪದ ಇರುವಂಥದು ಹಿತ. ಹಿಡಿಸದಿದ್ದರೆ ಅರ್ಧಕ್ಕೆ ಬಿಟ್ಟು ಇನ್ನೊಂದು ತೆಗೆದುಕೋ. ಯಾರೂ ಬಯ್ಯುವುದಿಲ್ಲ, ಬಯ್ದರೆ ದೊಡ್ಡಮ್ಮ ಹೇಳಿದ್ದಾರೆ ಅನ್ನು.

ನಿನ್ನ ಹತ್ತಿರ ಪದಗಳು ಕಡಿಮೆ ಇವೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಕಳೆದ ವಾರ ನೀನೇ ಫೋನಿನಲ್ಲಿ ಹೇಳುತ್ತಿದ್ದೆ, ಅಪ್ಪನ ಜೊತೆ ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಿದ್ದೆ, ಸರಕಿಗೆ ಇಷ್ಟು, ಬೆಟ್ಟೆಗೆ ಇಷ್ಟು, ರಾಶಿಗೆ ಇಷ್ಟು, ಗೊರಬಲಿಗೆ ಇಷ್ಟು ಎಂದು. ಒಂದೇ ಉಸಿರಿನಲ್ಲಿ ನಾಲ್ಕೂ ಹೇಳಿದೆ. ನಾನೂ ನಿಮ್ಮಮ್ಮನೂ ಮಂಡ್ಯದ ಕಡೆ ಕಬ್ಬಿನ ಗದ್ದೆಯ ನಡುವೆ ಬೆಳೆದವರು, ಅವಳು ಮದುವೆಯಾಗಿ ಬಂದು ನಿಮ್ಮ ಊರಿನ ಮಾತು ಕಲಿತಳು. ನನಗೆ ಇವತ್ತಿಗೂ ಅಡಿಕೆ ಎಂದರೆ ಅಡಿಕೆ. ರಾಶಿ ಎಂದರೆ ನನಗೆ ಕಣದಲ್ಲಿನ ರಾಗಿ ರಾಶಿ, ಸರಕು ಎಂದರೆ ಅಂಗಡಿಯ ಸಾಮಾನು. ನೀನು ಹೇಳುತ್ತಿದ್ದಾಗ ನನಗೂ ಏನೋ ಹೊಂದುತ್ತಿಲ್ಲ ಅನ್ನಿಸಿತು, ಆದರೆ ಕೇಳದೆ ಹೂಂ ಅಂದುಬಿಟ್ಟೆ. ಈಗ ಕೇಳುತ್ತಿದ್ದೇನೆ. ಬೇಸಿಗೆ ರಜೆಗೆ ಬರುವಾಗ ನಾಲ್ಕು ಬಗೆಯದೂ ಒಂದೊಂದು ಹಿಡಿ ಪೊಟ್ಟಣ ಕಟ್ಟಿಕೊಂಡು ಬಾ. ಮೆಟ್ಟಿಲ ಮೇಲೆ ಕೂರೋಣ. ಯಾವುದು ಗೊರಬಲು, ಅದಕ್ಕೆ ಯಾಕೆ ಆ ಹೆಸರು, ನನಗೆ ತೋರಿಸಿ ಹೇಳು.

ನಿನ್ನ
ದೊಡ್ಡಮ್ಮ